ಥಂಡರ್‌ಬರ್ಡ್‌ನಲ್ಲಿ ನಿಮ್ಮ ಮೇಲ್ ಯಾವ ಫೈಲಲ್ಲಿರತ್ತೆ

ಬ್ರೌಸರ್‌ನಲ್ಲೇ ಮೇಲ್ ನೋಡೋರು ಈಗ ಜಾಸ್ತಿ, ಆದ್ರೆ ಆಡಿಟರ್ ಆಫೀಸು, ಸಣ್ಣ ಫ್ಯಾಕ್ಟರಿ, ಪ್ರಿಂಟಿಂಗ್ ಪ್ರೆಸ್ಸು ಇಂಥ ಕಡೆ ಮೇಲನ್ನ ಕಂಪ್ಯೂಟರ್‌ಗೇ ಇಳಿಸಿಡೋ ಔಟ್‌ಲುಕ್ಕೋ ಥಂಡರ್‌ಬರ್ಡೋ ಇಂಥ ಪ್ರೋಗ್ರಾಂ ಇನ್ನೂ ನಡೀತಾನೇ ಇದೆ, ಎಷ್ಟೋ ವರ್ಷದ ಬಿಲ್ಲು, ಕೊಟೇಶನ್ನು, ನೋಟಿಸು ಎಲ್ಲಾ ಅದರೊಳಗೇ ಕೂತಿರತ್ತೆ. ಅದು ಡಿಸ್ಕ್‌ನಲ್ಲಿ ಯಾವ ಫೈಲಾಗಿ ಇದೆ ಅಂತ ಒಂದು ಸಲ ಕಣ್ಣಾರೆ ನೋಡಿಬಿಟ್ರೆ ಮೇಲ್ ಕಳೆದುಹೋದ್ರೆ ಅನ್ನೋ ಭಯ ಅರ್ಧ ಹೋಗತ್ತೆ. ನಾನು ದಿನಾ ಬಳಸೋದು ಥಂಡರ್‌ಬರ್ಡ್, ಅದನ್ನೇ ಹಿಡ್ಕೊಂಡು ಬರೀತೀನಿ.

ಹೆಲ್ಪ್ ಮೆನುನಲ್ಲಿ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ಅಂತಿದೆ, ಅಲ್ಲಿ ಪ್ರೊಫೈಲ್ ಫೋಲ್ಡರ್ ಪಕ್ಕದ ಬಟನ್ ಒತ್ತಿದ್ರೆ ಸೀದಾ ಜಾಗಕ್ಕೇ ಕರ್ಕೊಂಡ್ ಹೋಗತ್ತೆ. ಒಳಗೆ ಎರಡು ಡೈರೆಕ್ಟರಿ ಮುಖ್ಯ, ಯಾಕಂದ್ರೆ ಸರ್ವರ್‌ನಿಂದ ಮೇಲ್ ತರೋಕೆ ಪಾಪ್, ಐಮ್ಯಾಪ್ ಅಂತ ಎರಡು ವಿಧಾನ ಇದೆ. ಮೇಲ್ ಅನ್ನೋದರಲ್ಲಿ ಪಾಪ್ ಅಕೌಂಟ್‌ಗಳು ಮತ್ತೆ ಲೋಕಲ್ ಫೋಲ್ಡರ್ಸ್, ಐಮ್ಯಾಪ್‌ಮೇಲ್ ಅನ್ನೋದರಲ್ಲಿ ಐಮ್ಯಾಪ್ ಅಕೌಂಟ್‌ಗಳು. ಈ ವ್ಯತ್ಯಾಸ ಚಿಕ್ಕದಲ್ಲ. ಐಮ್ಯಾಪ್ ಆದ್ರೆ ಇಲ್ಲಿರೋದು ಸರ್ವರ್‌ನಲ್ಲಿರೋದರ ನಕಲು ಅಷ್ಟೇ. ಪಾಪ್ ಹಾಕ್ಕೊಂಡು ಸರ್ವರ್‌ನಿಂದ ಅಳಿಸೋ ಸೆಟ್ಟಿಂಗ್ ಇಟ್ಟಿದ್ರೆ ಇಡೀ ಪ್ರಪಂಚದಲ್ಲಿ ಆ ಮೇಲ್‌ನ ನಿಮ್ಮ ಪ್ರತಿ ಇರೋದು ಈ ಒಂದೇ ಡಿಸ್ಕ್‌ನಲ್ಲಿ.

ಅಕೌಂಟ್ ಒಳಗೆ ಹೋದ್ರೆ ಇನ್‌ಬಾಕ್ಸ್ ಅನ್ನೋ ಹೆಸರಲ್ಲೇ ಎರಡು ಫೈಲ್ ಕಾಣತ್ತೆ. ಒಂದಕ್ಕೆ ಡಾಟ್ ಎಂಎಸ್‌ಎಫ್ ಅಂತ ಬಾಲ ಇರತ್ತೆ, ಇನ್ನೊಂದಕ್ಕೆ ಯಾವ ಬಾಲನೂ ಇಲ್ಲ. ನೋಡೋಕೆ ಬಾಲ ಇಲ್ದಿರೋದೇ ಕಸದ ಫೈಲ್ ಥರ ಕಾಣತ್ತೆ, ಆದ್ರೆ ನಿಮ್ಮ ಮೇಲ್ ಎಲ್ಲಾ ಇರೋದು ಅದರಲ್ಲೇ, ದಯವಿಟ್ಟು ಅದನ್ನ ಮುಟ್ಬೇಡಿ. ಎಂಎಸ್‌ಎಫ್ ಬರೀ ಪುಸ್ತಕದ ಹಿಂದಿನ ಪದಸೂಚಿ ಇದ್ದಂಗೆ, ಯಾವ ಮೇಲ್ ಫೈಲ್‌ನ ಎಲ್ಲಿಂದ ಶುರು ಆಗತ್ತೆ, ಸಬ್ಜೆಕ್ಟ್ ಏನು, ಯಾರು ಕಳಿಸಿದ್ದು ಅನ್ನೋ ಪಟ್ಟಿ. ಅದು ಹಾಳಾದಾಗ ಫೋಲ್ಡರ್ ಖಾಲಿ ಕಾಣ್ಬಹುದು, ಲಿಸ್ಟಲ್ಲಿ ಒಂದು ಮೇಲ್ ಕ್ಲಿಕ್ ಮಾಡಿದ್ರೆ ಇನ್ನೊಂದು ತೆರೀಬಹುದು. ಆಗ ಗಾಬರಿ ಆಗೋದೇನಿಲ್ಲ, ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ರಿಪೇರ್ ಫೋಲ್ಡರ್ ಒತ್ತಿ, ಮೇಲ್ ಫೈಲನ್ನ ಮೊದಲಿಂದ ಓದಿ ಪಟ್ಟಿಯನ್ನ ಹೊಸದಾಗಿ ಕಟ್ಟತ್ತೆ. ಇನ್ನು ಡಾಟ್ ಎಸ್‌ಬಿಡಿ ಅಂತ ಡೈರೆಕ್ಟರಿ ಕಂಡ್ರೆ ಅದು ಸಬ್‌ಫೋಲ್ಡರ್‌ಗಳಿಗೆ.

ಆ ಬಾಲವಿಲ್ಲದ ಫೈಲ್ ಎಂಬಾಕ್ಸ್ ಅನ್ನೋ ಹಳೇ ಯೂನಿಕ್ಸ್ ರೂಪದ್ದು. ಒಂದು ಕಾಪಿ ತಗೊಂಡು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು ನೋಡಿ, ಬರೀ ಟೆಕ್ಸ್ಟ್. ಒಂದರ ಹಿಂದೆ ಒಂದು ಮೇಲ್, ಪ್ರತಿಯೊಂದೂ ಶುರು ಆಗೋದು ಫ್ರಮ್ ಅನ್ನೋ ಪದ ಆಮೇಲೆ ಒಂದು ಸ್ಪೇಸ್ ಇರೋ ಸಾಲಿಂದ, ಅದೇ ಗಡಿಗೆರೆ. ಹಂಗಾದ್ರೆ ಮೇಲ್ ಬರೆದೋರೇ ಒಂದು ಸಾಲನ್ನ ಫ್ರಮ್ ಅಂತ ಶುರು ಮಾಡಿದ್ರೆ? ಆ ಸಾಲಿನ ಮುಂದೆ ಒಂದು ಗ್ರೇಟರ್ ದ್ಯಾನ್ ಚಿಹ್ನೆ ಹಾಕಿ ತಪ್ಪಿಸ್ತಾರೆ, ಹಳೇ ಮೇಲ್‌ಗಳಲ್ಲಿ ಆ ಚಿಹ್ನೆ ಹಂಗೇ ಉಳ್ಕೊಂಡಿರೋದೂ ಉಂಟು.

ನನಗೆ ತುಂಬ ಇಷ್ಟ ಆಗೋ ಭಾಗ ಡಿಲೀಟ್. ಮೇಲ್ ಡಿಲೀಟ್ ಮಾಡಿದ್ರೆ ಅದು ಟ್ರ್ಯಾಶ್ ಫೈಲ್‌ಗೆ ಕಾಪಿ ಆಗತ್ತೆ, ಆದ್ರೆ ಇನ್‌ಬಾಕ್ಸ್ ಫೈಲ್‌ನಿಂದ ಹೋಗಲ್ಲ, ಅಲ್ಲೇ ಎಕ್ಸ್-ಮೊಜಿಲ್ಲಾ-ಸ್ಟೇಟಸ್ ಅನ್ನೋ ಹೆಡರ್‌ನಲ್ಲಿ (ಮೇಲ್‌ನ ತಲೆಭಾಗದ ಒಂದು ಸಾಲು) 0001 ಇದ್ದಿದ್ದು 0009 ಆಗತ್ತೆ ಅಷ್ಟೇ, ಅಂದ್ರೆ ಓದಿ ಆಗಿದೆ, ಅಳಿಸಿದೆ ಅಂತ ಗುರುತು. ಅದಕ್ಕೇ ಎಷ್ಟೇ ಡಿಲೀಟ್ ಮಾಡಿದ್ರೂ ಡಿಸ್ಕ್ ಖಾಲಿ ಆಗಲ್ಲ, ಬದಲಿಗೆ ಸ್ವಲ್ಪ ಜಾಸ್ತಿನೇ ತುಂಬತ್ತೆ. ನಿಜವಾಗಿ ತೆಗೀಬೇಕು ಅಂದ್ರೆ ಟ್ರ್ಯಾಶ್ ಖಾಲಿ ಮಾಡಿ ಕಾಂಪ್ಯಾಕ್ಟ್ ಕೊಡ್ಬೇಕು, ಆಗ ಉಳಿದ ಮೇಲ್‌ಗಳನ್ನ ಮಾತ್ರ ಹೊಸ ಫೈಲ್‌ಗೆ ಬರೆದು ಹಳೇದನ್ನ ಎಸೆಯತ್ತೆ, ಅದಕ್ಕೆ ಡಿಸ್ಕ್‌ನಲ್ಲಿ ಅಷ್ಟು ಜಾಗ ಇರ್ಲೇಬೇಕು. ಪೂರ್ತಿ ತುಂಬೋವರೆಗೆ ಕಾಯ್ಬೇಡಿ. ಒಬ್ಬ ಪರಿಚಯದವರ ಆಫೀಸಲ್ಲಿ ಮುಖ್ಯವಾದ ಮೇಲ್ ಟ್ರ್ಯಾಶ್‌ನಿಂದಲೂ ಹೋಗಿತ್ತು, ಕಾಂಪ್ಯಾಕ್ಟ್ ಇನ್ನೂ ಆಗಿರಲಿಲ್ಲ, ಪುಣ್ಯ. ಥಂಡರ್‌ಬರ್ಡ್ ಮುಚ್ಚಿ, ಫೈಲ್‌ನ ಕಾಪಿ ಇಟ್ಕೊಂಡು, 0009ನ 0001 ಮಾಡಿ, ಎಂಎಸ್‌ಎಫ್ ಅಳಿಸಿ ತೆರೆದ್ರೆ ಮೇಲ್ ವಾಪಸ್ ಬಂದಿತ್ತು.

ಕನ್ನಡದ ಮೇಲ್ ಮಾತ್ರ ಆ ಫೈಲಲ್ಲಿ ಹುಡುಕಿದ್ರೆ ಸಾಮಾನ್ಯವಾಗಿ ಸಿಗಲ್ಲ. ಅಕ್ಷರಗಳನ್ನ ಬೈಟ್‌ಗಳಾಗಿ ಬರೆಯೋ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಅಂದ್ರೆ 3 ಬೈಟ್, ಮೇಲ್ ಕಳ್ಸುವಾಗ ಅದನ್ನ ಸಾದಾ ಇಂಗ್ಲಿಷ್ ಅಕ್ಷರಗಳಿಗೆ ಬದಲಿಸೋಕೆ ಎರಡು ವಿಧಾನ, ಬೇಸ್64 ಮಾಡಿದ್ರೆ 4 ಅಕ್ಷರ, ಕ್ವೋಟೆಡ್ ಪ್ರಿಂಟಬಲ್ ಮಾಡಿದ್ರೆ 9 ಅಕ್ಷರ, ಹಂಗಾಗಿ ಫೈಲಲ್ಲಿ ಕಾಣೋದು ಇಂಗ್ಲಿಷ್ ಅಕ್ಷರ ಅಂಕಿಗಳ ರಾಶಿ. ಥಂಡರ್‌ಬರ್ಡ್ ಒಳಗೇ ಹುಡುಕಿ, ಅದು ಬಿಡಿಸಿ ನೋಡತ್ತೆ. ಅಟ್ಯಾಚ್‌ಮೆಂಟೂ ಸಾಮಾನ್ಯವಾಗಿ ಬೇಸ್64 ಆಗೇ ಕೂತಿರತ್ತೆ, ಮೂಲಕ್ಕಿಂತ ಮೂರನೇ ಒಂದು ಭಾಗ ದಪ್ಪ.

ಒಂದೇ ಫೈಲಲ್ಲಿ ಎಲ್ಲಾ ಇಡೋದಕ್ಕೆ ಬೆಲೆನೂ ಇದೆ. ಒಂದು ವೈರಸ್ ಮೇಲ್‌ಗೋಸ್ಕರ ಆಂಟಿವೈರಸ್ಸು ಇಡೀ ಇನ್‌ಬಾಕ್ಸ್ ಫೈಲನ್ನೇ ಕ್ವಾರಂಟೈನ್‌ಗೆ ಎಳ್ಕೊಂಡ್ ಹೋಗ್ಬಹುದು, ಒಂದು ಹೊಸ ಮೇಲ್ ಬಂದ್ರೂ ಮಾಮೂಲಿ ಬ್ಯಾಕಪ್ ಸಾಫ್ಟ್‌ವೇರ್ ಅಷ್ಟೂ ಜಿಬಿ ಮತ್ತೆ ಕಾಪಿ ಮಾಡತ್ತೆ. ಮೇಲ್‌ಡಿರ್ ಅನ್ನೋ ಪದ್ಧತಿಯಲ್ಲಿ ಮೇಲ್‌ಗೊಂದು ಫೈಲ್, ಕ್ಯೂಮೇಲ್ ಅನ್ನೋ ಮೇಲ್ ಸರ್ವರ್ ಸಾಫ್ಟ್‌ವೇರ್ ಮಾಡಿದ ಡ್ಯಾನಿಯಲ್ ಬರ್ನ್‌ಸ್ಟೀನ್ ರೂಪಿಸಿದ್ದು, ಥಂಡರ್‌ಬರ್ಡಲ್ಲೂ ಆಯ್ಕೆ ಇದೆ, ಆದ್ರೆ ನಾನು ಎಂಬಾಕ್ಸ್‌ನಲ್ಲೇ ಇದ್ದೀನಿ, ವರ್ಷಕ್ಕೊಂದು ಫೋಲ್ಡರ್ ಮಾಡಿ ಫೈಲ್ ಚಿಕ್ಕದಾಗಿ ಇಟ್ಕೊಳ್ತೀನಿ. ಔಟ್‌ಲುಕ್‌ನ ಪಿಎಸ್‌ಟಿನಲ್ಲಿ ಎಲ್ಲಾ ಫೋಲ್ಡರೂ ಸೇರಿ ಒಂದೇ ಫೈಲ್, ಅದೂ ನೋಟ್‌ಪ್ಯಾಡಲ್ಲಿ ಓದೋಕಾಗದ ರೂಪ, 2003ಕ್ಕಿಂತ ಹಿಂದಿನ ಔಟ್‌ಲುಕ್ ಆದ್ರೆ 2 ಜಿಬಿ ಮಿತಿ ಬೇರೆ.

ಬ್ಯಾಕಪ್ ಮಾಡೋವಾಗ ಥಂಡರ್‌ಬರ್ಡ್ ಮುಚ್ಚಿ ಪ್ರೊಫೈಲ್ ಡೈರೆಕ್ಟರಿ ಪೂರ್ತಿ ಕಾಪಿ ಮಾಡಿ, ಸೆಟ್ಟಿಂಗು, ಅಡ್ರೆಸ್ ಬುಕ್ಕು ಎಲ್ಲಾ ಅದರಲ್ಲೇ ಬರತ್ತೆ, ಸೇವ್ ಮಾಡಿದ ಪಾಸ್‌ವರ್ಡ್ ಕೂಡ, ಹಾಗಾಗಿ ಪೆನ್‌ಡ್ರೈವ್ ಸಿಕ್ಕಸಿಕ್ಕ ಕಡೆ ಬಿಡ್ಬೇಡಿ. ಆ ಪೆನ್‌ಡ್ರೈವ್ ಫ್ಯಾಟ್32 ಅನ್ನೋ ರೀತಿ ಫಾರ್ಮ್ಯಾಟ್ ಆಗಿದ್ರೆ 4 ಜಿಬಿ ದಾಟಿದ ಇನ್‌ಬಾಕ್ಸ್ ಅದರಲ್ಲಿ ಕೂರಲ್ಲ, ಮೊದಲೇ ಎಕ್ಸ್‌ಫ್ಯಾಟ್ ಮಾಡ್ಕೊಳ್ಳಿ.