ನಿರ್ದೇಶಕಿಯರೂ ಲಾಭದ ಲೆಕ್ಕವೂ

ಆಡಳಿತ ಮಂಡಳಿಯಲ್ಲಿ ಮಹಿಳೆಯರಿದ್ದರೆ ಕಂಪನಿಯ ಲಾಭ ಹೆಚ್ಚುತ್ತದೆ ಎಂದು ಸಾರುವ ವರದಿಗಳು ಮಾರ್ಚ್ ತಿಂಗಳು ಬಂತೆಂದರೆ ಸಾಲುಗಟ್ಟುತ್ತವೆ. ಮಹಿಳೆಯರು ಆ ಸ್ಥಾನಗಳಿಗೆ ಬರಲೇಬೇಕೆಂದು ಮನಸಾರೆ ಬಯಸುವ ನನಗೂ ಈ ವಾದ ಒಪ್ಪಿಗೆಯಾಗುವುದಿಲ್ಲ. ಮೊದಲಿನಿಂದಲೇ ಚೆನ್ನಾಗಿ ನಡೆಯುತ್ತಿದ್ದ ಕಂಪನಿಗಳೇ ಮಹಿಳೆಯರನ್ನು ಮಂಡಳಿಗೆ ಸೇರಿಸಿಕೊಂಡಿರಬಹುದು. ಹಾಗಿದ್ದಲ್ಲಿ ಆ ಲಾಭ ಅವರ ನೇಮಕದ ಫಲವೆಂದು ಹೇಳಲಾಗದು.

ನಾರ್ವೆಯು 2003ರಲ್ಲಿ ಕಾನೂನು ಮಾಡಿ, ಪಬ್ಲಿಕ್ ಲಿಮಿಟೆಡ್ ಕಂಪನಿಗಳ ಮಂಡಳಿಗಳಲ್ಲಿ ಮಹಿಳೆಯರ ಪಾಲು ಶೇ. 40ಕ್ಕೆ ಏರಬೇಕೆಂದು 2008ರ ಗಡುವು ವಿಧಿಸಿತು. ಇದರಿಂದ ಕಂಪನಿಗಳ ಮೌಲ್ಯ ಕುಸಿಯಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದರೆ, ಅದನ್ನು ಮರುಪರಿಶೀಲಿಸಿದ ಬೇರೆ ಸಂಶೋಧಕರಿಗೆ ಅಂಥ ಪರಿಣಾಮ ಸ್ಪಷ್ಟವಾಗಿ ಕಾಣಲಿಲ್ಲ. ಪುರುಷ ನಿರ್ದೇಶಕರ ಬಗ್ಗೆ ಇಂಥ ಪರೀಕ್ಷೆ ನಡೆದದ್ದನ್ನು ನಾನು ಕಂಡಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಆರಂಭಿಸಿದ ಕಿರಣ್ ಮಜುಂದಾರ್ ಷಾ ಅವರಿಗೆ ಮಹಿಳೆಯೆಂಬ ಕಾರಣಕ್ಕೂ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದಾಗ, ಲಾಭನಷ್ಟದ ಲೆಕ್ಕ ನೋಡುವುದಕ್ಕೆ ಅಲ್ಲಿ ಇನ್ನೂ ಏನೂ ಇರಲಿಲ್ಲ.

ನಮ್ಮಲ್ಲಿ 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್, ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ಕನಿಷ್ಠ ಒಬ್ಬ ನಿರ್ದೇಶಕಿಯನ್ನು ಹೊಂದಿರಬೇಕೆಂದು ಕಡ್ಡಾಯ ಮಾಡಿತು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಕೊಟ್ಟ ಗಡುವು 2014ರ ಅಕ್ಟೋಬರ್‌ನಿಂದ 2015ರ ಏಪ್ರಿಲ್ 1ಕ್ಕೆ ಮುಂದೆ ಹೋಯಿತು. ಕೊನೆಯ ವಾರಗಳಲ್ಲಿ ಗಡಿಬಿಡಿಗೆ ಬಿದ್ದ ಅನೇಕ ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ಅದರ ಹಿಡಿತ ಇಟ್ಟುಕೊಂಡವರು, ತಮ್ಮ ಪತ್ನಿಯನ್ನೋ ಮಗಳನ್ನೋ ಮಂಡಳಿಗೆ ತಂದು ಕೂರಿಸಿದರು. ಅವರಲ್ಲಿ ಸಮರ್ಥರಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಮನೆಯ ಯಜಮಾನನ ನಿರ್ಧಾರವನ್ನು ಮಂಡಳಿಯಲ್ಲಿ ಪ್ರಶ್ನಿಸುವ ಸ್ವಾತಂತ್ರ್ಯ ಮನೆಯವರಿಗೆ ಎಷ್ಟಿರುತ್ತದೆ?

ಷೇರುಪೇಟೆಯಲ್ಲಿರುವ, ತೀರಾ ಸಣ್ಣದಲ್ಲದ ಕಂಪನಿಯೊಂದರ ವಾರ್ಷಿಕ ವರದಿಯಲ್ಲಿ ಕಾರ್ಪೊರೇಟ್ ಆಡಳಿತದ ಅಧ್ಯಾಯವನ್ನು ತೆರೆದರೆ ಉತ್ತರದ ಸುಳಿವು ಸಿಗುತ್ತದೆ. ನಿರ್ದೇಶಕರು ಎಷ್ಟು ಸಭೆಗಳಿಗೆ ಹಾಜರಾದರು, ಯಾವ ಸಮಿತಿಗಳಲ್ಲಿದ್ದಾರೆ, ಒಬ್ಬರಿಗೊಬ್ಬರು ಏನಾಗಬೇಕು ಎಂಬುದನ್ನೆಲ್ಲ ಅಲ್ಲಿ ನಮೂದಿಸಲೇಬೇಕು. ನಾನು ಮೊದಲು ನೋಡುವುದು ಲೆಕ್ಕಪರಿಶೋಧನಾ ಸಮಿತಿಯ ಸದಸ್ಯರ ಹೆಸರುಗಳನ್ನು. ಏಕೆಂದರೆ ಪ್ರವರ್ತಕರ ಸಂಬಂಧಿಕರ ಸಂಸ್ಥೆಗಳೊಡನೆ ಕಂಪನಿ ನಡೆಸುವ ವ್ಯವಹಾರಗಳಿಗೆ ಒಪ್ಪಿಗೆ ಕೊಡುವುದು, ಕೊಡದಿರುವುದು ಅದೇ ಸಮಿತಿ. ಷೇರುದಾರರ ಹಣ ಸೋರುವುದೂ ಉಳಿಯುವುದೂ ಅಲ್ಲಿಯೇ. ಆ ಪಟ್ಟಿಯಲ್ಲಿ ಕಾಣದ ನಿರ್ದೇಶಕಿಯ ಹೆಸರು ಸಾಮಾಜಿಕ ಹೊಣೆಗಾರಿಕೆಯ ಸಮಿತಿಯಲ್ಲಿ ಮಾತ್ರ ಕಂಡರೆ, ಅವರನ್ನು ಹಣಕಾಸಿನ ಮಾತುಕತೆಯಿಂದ ದೂರವಿಟ್ಟಿದ್ದಾರೇನೋ ಎಂಬ ಅನುಮಾನ ನನಗೆ ಬರುತ್ತದೆ.

ಕಂಪನಿ ಆಡಳಿತದ ಸುಧಾರಣೆಗೆಂದು ತಾನೇ ನೇಮಿಸಿದ್ದ ಕೋಟಕ್ ಸಮಿತಿಯ ಶಿಫಾರಸಿನ ನಂತರ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಲ್ಲಿ 2019ರ ಏಪ್ರಿಲ್‌ನಿಂದ, ಮೊದಲ 1,000 ಕಂಪನಿಗಳಲ್ಲಿ 2020ರ ಏಪ್ರಿಲ್‌ನಿಂದ, ಒಬ್ಬ ಸ್ವತಂತ್ರ ನಿರ್ದೇಶಕಿ, ಅಂದರೆ ಪ್ರವರ್ತಕರೊಡನೆ ನಂಟಿಲ್ಲದ ನಿರ್ದೇಶಕಿ, ಇರಲೇಬೇಕೆಂದಿತು. ಆದರೆ ಷೇರುಪೇಟೆಯಲ್ಲಿರುವ ಕಂಪನಿಗಳು ಹಲವು ಸಾವಿರ. ಸಾವಿರದ ಗಡಿಯಾಚೆಗೆ, ಸಣ್ಣ ಹೂಡಿಕೆದಾರರಿಗೆ ಹೆಚ್ಚು ಕಾವಲು ಬೇಕಾಗುವ ಸಣ್ಣ ಕಂಪನಿಗಳಲ್ಲಿ, ಪ್ರವರ್ತಕರ ಪತ್ನಿಯೊಬ್ಬರೇ ಇದ್ದರೂ ಕಾಯ್ದೆ ಪಾಲಿಸಿದಂತೆಯೇ ಆಗುತ್ತದೆ. ಸೆಬಿ ಈ ಗಡಿಯನ್ನು ತೆಗೆದುಹಾಕಬೇಕು, ಮತ್ತು ಸ್ವತಂತ್ರ ನಿರ್ದೇಶಕಿಗೆ ಲೆಕ್ಕಪರಿಶೋಧನಾ ಸಮಿತಿಯಲ್ಲಿ ಸ್ಥಾನವನ್ನು ಕಡ್ಡಾಯಗೊಳಿಸಬೇಕು.