ಹಳೇ ಕ್ಯಾಸೆಟ್ ಪ್ರಾಜೆಕ್ಟ್, ಅಪ್‌ಡೇಟ್ 4: ಸೆಲ್ ವೀಕ್ ಆಗಿದ್ದ ರಾತ್ರಿ

ಹಳೇ ಕ್ಯಾಸೆಟ್‌ಗಳನ್ನ ಕಂಪ್ಯೂಟರ್‌ಗೆ ಇಳಿಸೋ ಕೆಲಸದಲ್ಲಿ 23ರಲ್ಲಿ 14 ಮುಗೀತು. ಹೊಸದಾಗಿ ಓದ್ತಿರೋರಿಗೆ ಹೇಳ್ಬೇಕಂದ್ರೆ, ಇವೆಲ್ಲ 1986-87ರಲ್ಲಿ ನನಗೆ ಹದಿನೈದು ಹದಿನಾರು ವಯಸ್ಸಿದ್ದಾಗ ಶಾರ್ಟ್‌ವೇವ್ ರೇಡಿಯೋದಿಂದ ರೆಕಾರ್ಡ್ ಮಾಡ್ಕೊಂಡಿದ್ದ ಇಂಗ್ಲಿಷ್ ಓಲ್ಡೀಸ್. 50-60ರ ದಶಕದ ಡೂ-ವಾಪ್ (ಹಲವು ಗಂಟಲು ಸೇರಿ ಹಾಡೋ ಶೈಲಿ), ಮೋಟೌನ್ (ಅಮೆರಿಕದ ಒಂದು ರೆಕಾರ್ಡ್ ಕಂಪನಿಯ ಸೋಲ್ ಹಾಡುಗಳು), ಗಿಟಾರ್ ಬ್ಯಾಂಡ್‌ಗಳು. ನಾವು ಕೇಳೋ ಹೊತ್ತಿಗೇ ಅವು ಇಪ್ಪತ್ತೈದು ವರ್ಷ ಹಳೇ ಹಾಡು, ಆದ್ರೂ ನನಗೂ ಅಕ್ಕಂಗೂ ಅವತ್ತು ಬಂದ ಹೊಸ ಹಾಡುಗಳ ಥರಾನೇ ಕೇಳಿಸ್ತಿದ್ವು.

ಮೊದಲು ಸಣ್ಣ ಕೆಲಸಗಳ ವರದಿ. ಕ್ಯಾಸೆಟ್ ಡೆಕ್‌ನ ಬೆಲ್ಟ್ ಬದಲಾಯಿಸಿದೆ, ಹಳೇದು ಕರಗಿ ಟಾರ್ ಥರ ಆಗಿತ್ತು. ಹೆಡ್ (ಟೇಪ್ ಓದೋ ಭಾಗ) ಮತ್ತೆ ರಬ್ಬರ್ ರೋಲರನ್ನ ಪ್ರತಿ ಎರಡು ಕ್ಯಾಸೆಟ್‌ಗೊಂದ್ಸಲ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸ್ತಿದೀನಿ. ಹೆಡ್‌ನ ಓರೆ ಸರಿ ಮಾಡೋ ಅಜಿಮತ್ ಸ್ಕ್ರೂನೂ ಪ್ರತಿ ಕ್ಯಾಸೆಟ್‌ಗೆ ಬೇರೆ ಬೇರೆ ಸೆಟ್ ಮಾಡ್ಬೇಕು, ಯಾಕಂದ್ರೆ ಆಗ ರೆಕಾರ್ಡ್ ಮಾಡಿದ್ದ ನಮ್ಮ ಟೂ-ಇನ್-ವನ್ (ರೇಡಿಯೋ, ಟೇಪ್ ಎರಡೂ ಸೇರಿದ್ದು) ಮೋನೋ, ಈಗಿನ ಡೆಕ್ ಸ್ಟೀರಿಯೋ, ಹೆಡ್ ಸ್ವಲ್ಪ ಓರೆ ಇದ್ರೂ ಎಡ ಬಲ ಎರಡನ್ನೂ ಸೇರಿಸಿದ ತಕ್ಷಣ ಮೇಲಿನ ಸ್ವರಗಳೆಲ್ಲ ಮಾಯ ಆಗಿ ಕಂಬಳಿ ಹೊದಿಸಿದ ಹಾಗೆ ಕೇಳತ್ತೆ. ಸ್ಕ್ರೂ ಒಂದು ಕೂದಲೆಳೆಯಷ್ಟು ತಿರುಗಿಸ್ತಾ ಇದ್ದ ಹಾಗೆ ಇದ್ದಕ್ಕಿದ್ದಂತೆ ಡ್ರಮ್ ಜೊತೆಯ ಸಿಂಬಲ್ ತಾಳದ ಸದ್ದು ಎದ್ದು ಬರತ್ತಲ್ಲ, ಆ ಕ್ಷಣ ಪ್ರತಿ ಸಲ ಮೈ ಜುಮ್ ಅನ್ನತ್ತೆ.

ಈಗ ಅಸಲಿ ವಿಷ್ಯ, ಕ್ಯಾಸೆಟ್ ನಂಬರ್ 14.

ಇದೊಂದು ಸಿ-60, ಒಂದು ಕಡೆಗೆ ಅರ್ಧ ಗಂಟೆ. ಹಾಡುಗಳೆಲ್ಲ ಎರಡೂವರೆ ಮೂರು ನಿಮಿಷದ್ದು, ಯಾಕಂದ್ರೆ ಬಹುಪಾಲು ಏಳಿಂಚಿನ 45 ಆರ್‌ಪಿಎಂ ಡಿಸ್ಕ್‌ಗಾಗೇ ಮಾಡಿದ್ವು. ಇದರ ಬಿ ಸೈಡ್ ಕೊನೇಲಿ ಒಂದು ಹಾಡಿದೆ, ಅಕ್ಕ ಮತ್ತೆ ನಾನು ನೂರಾರು ಸಲ ಕೇಳಿದ್ದು, ನಾಲ್ಕು ಜನ ಗಂಡಸರು ಹಿಂದೆ ಹಮ್ ಮಾಡ್ತಿರ್ತಾರೆ, ಮುಂದೆ ಒಬ್ಬ ತೆಳ್ಳಗಿನ ಗಂಟಲಲ್ಲಿ, ಇನ್ನೇನು ಒಡೆದೇ ಹೋಗತ್ತೆ ಅನ್ನೋ ಹಾಗೆ ಮೇಲಕ್ಕೆ ಹೋಗ್ತಾನೆ. ಎಷ್ಟೋ ವರ್ಷ ಆದ್ಮೇಲೆ ಅದೇ ಹಾಡು ಸಿಡಿಯಲ್ಲಿ ಸಿಕ್ಕಾಗ ನನಗೆ ನಿಜವಾಗ್ಲೂ ಬೇಜಾರಾಗಿತ್ತು. ಹಾಡು ಎಳೀತಾ ಇದೆ, ಆ ಮನುಷ್ಯನ ಗಂಟಲಲ್ಲಿ ಆ ಆತುರಾನೇ ಇಲ್ಲ. ಬೇರೆ ರೆಕಾರ್ಡಿಂಗ್ ಇರ್ಬೇಕು ಅಂದ್ಕೊಂಡು ಬಿಟ್ಟುಬಿಟ್ಟಿದ್ದೆ.

ಈ ವಾರ ಕಾರಣ ಸಿಕ್ತು. ಆ ಕ್ಯಾಸೆಟ್ ಶುರುವಾಗೋದೂ ಮುಗಿಯೋದೂ ಬಿಬಿಸಿ ವರ್ಲ್ಡ್ ಸರ್ವೀಸ್‌ನ ಟೈಮ್ ಸಿಗ್ನಲ್‌ನಿಂದ, ಐದು ಚಿಕ್ಕ ಪಿಪ್, ಆಮೇಲೆ ಒಂದು ಉದ್ದ. ಆ ಉದ್ದದ್ದು ಶುರುವಾದ ಕ್ಷಣಾನೇ ಸರಿಯಾದ ಗಂಟೆ. ಆ ಪಿಪ್‌ಗಳು ಸರಿಯಾಗಿ 1000 ಹರ್ಟ್ಸ್ ಸ್ವರ. ಶಾರ್ಟ್‌ವೇವ್‌ನಲ್ಲಿ ಸಿಗ್ನಲ್ ಎಷ್ಟೇ ಏರಿಳಿದ್ರೂ ದನಿ ಮಸುಕಾಗತ್ತೆ ಹೊರತು ಶ್ರುತಿ ಬದಲಾಗಲ್ಲ. ಅಂದ್ರೆ ಯಾರೋ ಆ ಟೇಪ್ ಮೇಲೆ ಅಳತೆಪಟ್ಟಿ ಇಟ್ಟು ಹೋದ ಹಾಗಾಯ್ತು! ಅಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಸ್ ಎಷ್ಟಿದೆ ಅನ್ನೋ ಚಿತ್ರ) ತೆಗೆದು ನೋಡಿದೆ. ಎ ಸೈಡ್ ಶುರುವಿನ ಪಿಪ್ 1004. ಬಿ ಸೈಡ್ ಕೊನೇದು 1041.

ಮೊದಲನೇದು ಬಿಡಿ, ಎರಡು ಮಷೀನ್ ಮಧ್ಯೆ ಅಷ್ಟು ವ್ಯತ್ಯಾಸ ಇದ್ದೇ ಇರತ್ತೆ. ಎರಡನೇದು ನೋಡಿದಾಗ ಆ ರಾತ್ರಿ ನೆನಪಾಯ್ತು. ಕರೆಂಟ್ ಹೋಗಿತ್ತು, ಸೆಲ್ ಮೇಲೆ ನಡೀತಿತ್ತು, ಅಕ್ಕ ಏರಿಯಲ್ ಹಿಡ್ಕೊಂಡು ಮಂಚದ ಮೇಲೆ ನಿಂತಿದ್ಲು, ಕೈ ನೋವಾಗಿ ಬದಲಾಯಿಸಿದಾಗೆಲ್ಲ ಟೇಪಲ್ಲಿ ಕರಕರ ಸದ್ದು ಏರತ್ತೆ, ಇವತ್ತಿಗೂ ಕೇಳ್ಬೋದು. ಮೋಟಾರ್‌ನೊಳಗೆ ವೇಗ ಕಾಯೋ ಗವರ್ನರ್ ಇರತ್ತೆ, ಸೆಲ್‌ನಲ್ಲಿ ಒಂದು ಮಟ್ಟದವರೆಗೆ ವೋಲ್ಟೇಜ್ ಇದ್ರೆ ಅದು ಸಂಭಾಳಿಸತ್ತೆ, ಅದಕ್ಕಿಂತ ಕೆಳಗಿಳಿದ್ರೆ ಮೋಟಾರ್ ನಿಧಾನ ಆಗ್ತಾ ಹೋಗತ್ತೆ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡ್ಬೇಕಾದ ಟೇಪ್ ಕಮ್ಮಿ ಓಡ್ತಾ ರೆಕಾರ್ಡ್ ಆಗಿದೆ. ನಮಗೆ ಆವಾಗ ಗೊತ್ತಾಗ್ಲಿಲ್ಲ, ಯಾಕಂದ್ರೆ ಕೇಳ್ತಿದ್ದಿದ್ದು ರೇಡಿಯೋನ, ಟೇಪನ್ನಲ್ಲ. ಮಾರನೇ ದಿನ ಕರೆಂಟಲ್ಲಿ ಹಾಕಿದಾಗ ಟೇಪ್ ಸರಿ ವೇಗದಲ್ಲಿ ಓಡಿದೆ, ಹಾಡು ಮಾತ್ರ ಫಾಸ್ಟಾಗಿ, ಮೇಲಿನ ಶ್ರುತಿಯಲ್ಲಿ ಬಂದಿದೆ. ನಾವು ಪ್ರೀತಿ ಮಾಡಿದ್ದು ಆ ಹಾಡನ್ನ.

1041 ಅಂದ್ರೆ ಶೇಕಡ 4.1 ಜಾಸ್ತಿ, ಅರ್ಧ ಸ್ವರದ (ಪಿಯಾನೋದಲ್ಲಿ ಒಂದು ಕೀಯಿಂದ ಪಕ್ಕದ ಕೀಗೆ ಇರೋ ಅಂತರ) ಮುಕ್ಕಾಲಿಗೆ ಹತ್ರ ಹತ್ರ. ಮೂರು ನಿಮಿಷದ ಹಾಡಲ್ಲಿ ಏಳು ಸೆಕೆಂಡ್ ಕಮ್ಮಿ ಆಗೋಗತ್ತೆ.

ಸರಿ ಮಾಡೋಕೆ, ವೇಗ ಒಂದೇ ಸಮನೆ ಇಳೀತು ಅಂದ್ಕೊಂಡು ಎರಡು ಪಿಪ್ ಮಧ್ಯೆ ನೇರ ಗೆರೆ ಎಳೆದ್ರೆ ಸಾಲಲ್ಲ, ಟ್ರೈ ಮಾಡ್ದೆ, ಎ ಸೈಡ್ ಪೂರ್ತಿ ಕೆಟ್ಟೋಯ್ತು. ಗವರ್ನರ್ ಹಿಡ್ಕೊಂಡಿದ್ದಷ್ಟು ಹೊತ್ತು ವೇಗ ಸಮಾನವಾಗೇ ಇದೆ. ಆಮೇಲೆ ಪ್ರತಿ ಹಾಡನ್ನೂ ಸಿಡಿ ಜೊತೆ ಹೋಲಿಸಿ ಅಳೆದಾಗ, ಬಿ ಸೈಡ್‌ನ ಕೊನೇ ನಾಲ್ಕು ಹಾಡಲ್ಲಿ ಮಾತ್ರ ಜಾರಿರೋದು ಅಂತ ಗೊತ್ತಾಯ್ತು. ಅಡಾಸಿಟಿಯಲ್ಲಿ ವೇಗ ಏರಿಳಿಸೋ ಟೈಮ್ ಟ್ರ್ಯಾಕಲ್ಲಿ ಆ ನಾಲ್ಕಕ್ಕೆ ಬಾಗಿದ ಗೆರೆ ಹಾಕಿ ಈಗ ಉದ್ದ ಪಿಪ್ 1000ಕ್ಕೆ ಕೂತಿದೆ. ಮೂರು ಸಂಜೆ ಹಿಡೀತು.

ಕೆಲಸ ಸರಿಯಾಗಿದೆ, ಆದ್ರೆ ಕೇಳಿದಾಗ ಸಿಡಿಯಲ್ಲಿ ಆದ ಬೇಜಾರೇ ಮತ್ತೆ ಆಯ್ತು.

ಡೇನಿಯಲ್ ಲೆವಿಟಿನ್ ಅನ್ನೋ ಸಂಶೋಧಕ 1994ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ಸಾಮಾನ್ಯ ಜನರ ಹತ್ರ ಅವರಿಗೆ ಚೆನ್ನಾಗಿ ಗೊತ್ತಿರೋ ಹಾಡನ್ನ ನೆನಪಿಂದ ಹಾಡಿಸಿದ್ರೆ ಬಹಳಷ್ಟು ಜನ ಮೂಲ ರೆಕಾರ್ಡಿನ ಶ್ರುತಿಗೆ ತೀರಾ ಹತ್ರ ಹಾಡ್ತಾರಂತೆ. ಅದು ತಲೇಲಿತ್ತು. ನಿನ್ನೆ ಅಕ್ಕಂಗೆ ಫೋನ್ ಮಾಡ್ದೆ, ಏನೂ ಹೇಳ್ದೆ, ಏನೂ ಕೇಳಿಸ್ದೆ, "ಅಕ್ಕ, ಆ ಕೊನೇ ಹಾಡಿನ ಶುರು ಸ್ವಲ್ಪ ಗುನುಗು" ಅಂದೆ. "ಈಗಲಾ? ಯಾಕೋ?" ಅಂದ್ಲು, ಆದ್ರೂ ಗುನುಗಿದ್ಲು. ಮಧ್ಯದಲ್ಲಿ ಪದ ಮರ್ತು ಹೋಯ್ತು, "ಲ ಲ" ಅಂತ ಮುಂದುವರಿಸಿದ್ಲು, ಮೇಲಕ್ಕೆ ಹೋಗೋ ಜಾಗದಲ್ಲಿ ಉಸಿರು ಸಾಲ್ದೆ ನಿಲ್ಲಿಸಿ, ಮತ್ತೆ ಅಲ್ಲಿಂದಾನೇ ಹಿಡ್ಕೊಂಡ್ಲು. ರೆಕಾರ್ಡ್ ಮಾಡ್ಕೊಂಡು ಎರಡೂ ಫೈಲ್ ಜೊತೆ ಇಟ್ಟು ನೋಡ್ದೆ. ಅಕ್ಕನ ದನಿ ಕೂತಿದ್ದು ಸರಿ ಮಾಡಿದ ಫೈಲ್‌ನ ಹತ್ರ ಅಲ್ಲ, ಸೆಲ್ ವೀಕ್ ಆಗಿದ್ದ ರಾತ್ರಿಯ ಫೈಲ್‌ನ ಹತ್ರ.

ಹಾಗಾಗಿ ಎರಡನ್ನೂ ಇಟ್ಕೊಳ್ತೀನಿ. ಸರಿ ಮಾಡಿದ್ದು ಆರ್ಕೈವ್ ಫೋಲ್ಡರ್‌ಗೆ, ಮಾಡ್ದೇ ಇರೋದು ಅಕ್ಕಂಗೆ. ಆ ಕರಕರ ಸದ್ದಿಗೂ ನಾಯ್ಸ್ ರಿಡಕ್ಷನ್ ಹಾಕಲ್ಲ, ಅದು ಅವಳ ಕೈ.

ಮುಂದಿನ ವಾರ ನಂಬರ್ 15. ಅದರಲ್ಲಿ ಹೆಡ್‌ಗೆ ಟೇಪ್ ಒತ್ತಿ ಹಿಡಿಯೋ ಫೆಲ್ಟ್ ಚೂರು ಉದುರಿಹೋಗಿದೆ, ಕವಚಕ್ಕೆ ಸ್ಕ್ರೂ ಬೇರೆ ಇಲ್ಲ, ಅಂಟಿಸಿರೋದು. ಬ್ಲೇಡಲ್ಲಿ ಬಿಡಿಸಿ ರೀಲನ್ನ ಬೇರೆ ಕವಚಕ್ಕೆ ಹಾಕ್ಬೇಕು. ಲೇಬಲ್ ಮೇಲೆ ಅಕ್ಕನ ಕೈಬರಹ ಇದೆ, ಮೊದಲು ಅದನ್ನ ಹುಷಾರಾಗಿ ಬಿಡಿಸ್ಕೋಬೇಕು.