ರೇನ್‌ಬೋ ಸೇತುವೆ ದಾಟಿ ಲ್ಯಾಂಡಿಂಗ್ ಮುಗಿಸಿ ಬಂದದ್ದು

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಪಿ.ಆರ್., ಅಂದರೆ ಕಾಯಂ ನಿವಾಸದ ಹಕ್ಕು, ಸಿಕ್ಕಿದ್ದು ಕೆನಡಾದಲ್ಲಿ. ಊರಿನಿಂದ ಫೋನ್ ಬಂದಾಗೆಲ್ಲ "ಅದು ಹೇಗೆ?" ಅಂತ ಕೇಳುತ್ತಾರೆ. ಹಾಗಾಗಿ ಪ್ರಯಾಣಕ್ಕೆ ಹೊರಡುವ ಮುಂಚೆ ಕಾರಣ ಹೇಳಿಬಿಡುತ್ತೇನೆ.

ನಮ್ಮನೆಯವರದ್ದು ಎಚ್-1ಬಿ, ಅಂದರೆ ಕೆಲಸದ ವೀಸಾ. ಅವರ ಹಿಂದೆ ನಾನು, ಮಗಳು ಎಚ್-4, ಅಂದರೆ ಅವರ ಅವಲಂಬಿತರು. ಅಮೆರಿಕದ ಕಾಯಂ ನಿವಾಸದ ಗ್ರೀನ್ ಕಾರ್ಡಿಗೆ ಕಂಪನಿ ಅರ್ಜಿ ಹಾಕಿ ಮಂಜೂರೂ ಆಗಿದೆ, ಆದರೆ ಸರದಿ ಬರಬೇಕಲ್ಲ? ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರ ಪಾಲು ಸಾಮಾನ್ಯವಾಗಿ ಶೇ. 7 ದಾಟುವಂತಿಲ್ಲ. 2018ರ ಬೇಸಿಗೆಯಲ್ಲಿ ನಮ್ಮ ವರ್ಗದ ಭಾರತೀಯರ ಸರದಿ ಇನ್ನೂ 2008-09ರ ಅರ್ಜಿಗಳ ಹತ್ತಿರ ನಿಂತಿತ್ತು. ನಮ್ಮದು 2013ರದ್ದು. ಮಗಳು ಹುಟ್ಟಿದ್ದು ಶಿವಮೊಗ್ಗದಲ್ಲಿ. ಅಮೆರಿಕಕ್ಕೆ ಬಂದಾಗ ಅವಳಿನ್ನೂ ಮೂರು ವರ್ಷದ ಮಗು. ಓದು, ಗೆಳತಿಯರು, ಬಾಸ್ಕೆಟ್‌ಬಾಲ್ ಎಲ್ಲ ಇಲ್ಲೇ. ಆದರೆ 21 ತುಂಬಿದ ಕೂಡಲೇ ಅವಳ ಎಚ್-4 ಮುಗಿಯುತ್ತದೆ. ಆಮೇಲೆ ಬೆಳೆದ ಊರಿನಲ್ಲೇ ಹೊರಗಿನಿಂದ ಬಂದ ವಿದ್ಯಾರ್ಥಿಯಂತೆ ಬೇರೆ ವೀಸಾ ಹುಡುಕಬೇಕು. ಇದು ನನಗೆ ನಿದ್ದೆಗೆಡಿಸಿದ ವಿಷಯ.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಅರ್ಜಿ ಹಾಕೋಣ ಅಂದದ್ದು ನಾನೇ. ಅಂಕಗಳ ಲೆಕ್ಕದಲ್ಲಿ ಪಿ.ಆರ್.ಗೆ ಜನರನ್ನು ಆರಿಸುವ ವ್ಯವಸ್ಥೆ ಅದು. ಲೆಕ್ಕ ಹಾಕಿ ನೋಡಿದರೆ ನನ್ನ ಹೆಸರಿನಲ್ಲಿ ಹಾಕಿದರೆ ಅಂಕ ಜಾಸ್ತಿ ಬರುತ್ತಿತ್ತು. ವಯಸ್ಸಿಗೆ ಅಂಕ, ಓದಿಗೆ ಅಂಕ, ಇಂಗ್ಲಿಷ್ ಪರೀಕ್ಷೆಗೆ ಅಂಕ. ಇವರಿಗಿಂತ ನಾನು ಚಿಕ್ಕವಳು, ಎಂ.ಟೆಕ್. ಆಗಿದೆ, ಐಇಎಲ್‌ಟಿಎಸ್ ಚೆನ್ನಾಗಿ ಆಯಿತು. ನನ್ನ ತಮ್ಮ ಬೆಳಗಾವಿಗೆ ಹೋಗಿ ವಿಶ್ವವಿದ್ಯಾಲಯದ ಅಂಕಪಟ್ಟಿಗಳನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸುವ ವ್ಯವಸ್ಥೆ ಮಾಡಿದ. ಎಫ್‌ಬಿಐ ಬೆರಳಚ್ಚು, ಭಾರತದ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಮೂವರ ಸಂಸಾರಕ್ಕೆ ಸುಮಾರು 19 ಸಾವಿರ ಕೆನಡಾ ಡಾಲರ್ ಕೈಯಲ್ಲಿದೆ ಅನ್ನುವ ಬ್ಯಾಂಕ್ ಪತ್ರ, ಒಂದೊಂದಾಗಿ ಎಲ್ಲ ಆಯಿತು. ಕೊನೆಗೆ ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿಕೊಂಡು, ಜೊತೆಗೆ ಸಿಒಪಿಆರ್ ಅನ್ನುವ ಕಾಗದ ಬಂತು. ಪಿ.ಆರ್. ಖಾತ್ರಿ ಪತ್ರ ಅಂದುಕೊಳ್ಳಿ. ಅದರ ಮೇಲೊಂದು ಕೊನೆಯ ದಿನಾಂಕ ಇರುತ್ತದೆ. ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆಯಾಗಿ ಒಂದು ವರ್ಷ. ಅಷ್ಟರೊಳಗೆ ಕೆನಡಾದ ನೆಲ ಮುಟ್ಟಿ ಅಧಿಕಾರಿಯ ಮುಂದೆ ಸಹಿ ಹಾಕದಿದ್ದರೆ ಇಷ್ಟೂ ಶ್ರಮ ನೀರಿನಲ್ಲಿ ಹೋಮ. ಕೂಡಲೇ ಮನೆ ಬದಲಾಯಿಸಲು ಆಗದವರು ಹೋಗಿ ಸಹಿ ಹಾಕಿ ವಾಪಸ್ ಬರುತ್ತಾರೆ. ಇದಕ್ಕೆ ನಮ್ಮವರು 'ಸಾಫ್ಟ್ ಲ್ಯಾಂಡಿಂಗ್' ಅನ್ನುತ್ತಾರೆ. ನಾವು ಮಾಡಿದ್ದೂ ಅದೇ.

ಹೊರಡುವ ಮುಂಚೆ ನನ್ನ ಸಮಯ ತಿಂದದ್ದು ಸಾಮಾನಿನ ಪಟ್ಟಿ. ಮೊದಲ ಸಲ ಪಿ.ಆರ್. ಆಗಿ ಒಳಗೆ ಹೋಗುವಾಗ, ಈಗ ಜೊತೆಗೆ ತಂದ ಸಾಮಾನು ಯಾವುದು, ಮುಂದೆ ತರುವುದು ಯಾವುದು ಅಂತ ಎರಡು ಪಟ್ಟಿ ಬೆಲೆಸಮೇತ ಕಸ್ಟಮ್ಸ್‌ಗೆ ಕೊಡಬೇಕು. ಎರಡನೆಯದಕ್ಕೆ 'ಗೂಡ್ಸ್ ಟು ಫಾಲೋ' ಅಂತ ಹೆಸರು. ನಾವು ಮೊದಲಿಂದ ಬಳಸಿದ ಮನೆ ಸಾಮಾನಾದರೆ ಸುಂಕವಿಲ್ಲ, ಆದರೆ ಪಟ್ಟಿಯಲ್ಲಿ ಇರಬೇಕು. ಸೋಫಾ, ಟಿ.ವಿ., ಮಂಚ ಬರೆಯುವುದು ಸುಲಭ. ಚಿನ್ನ ಹಾಗಲ್ಲ. ಒಡವೆಗೆ ಫೋಟೋ, ಬೆಲೆಯ ಚೀಟಿ ಇದ್ದರೆ ಮುಂದೆ ತಕರಾರಿಲ್ಲ. ಒಂದು ಭಾನುವಾರ ಮಧ್ಯಾಹ್ನ ಹಾಸಿಗೆಯ ಮೇಲೆ ಬಿಳಿ ಪಂಚೆ ಹರಡಿ ಎಲ್ಲ ಒಡವೆ ಇಟ್ಟೆ. ಅಮ್ಮ ಮಾಡಿಸಿಕೊಟ್ಟ ಅವಲಕ್ಕಿ ಸರ, ಅತ್ತೆಯವರ ಕಾಸಿನ ಸರ, ಜುಮಕಿ, ನಾಲ್ಕು ಬಳೆ, ಮಗಳ ಬೆಳ್ಳಿ ಕಾಲ್ಗೆಜ್ಜೆ. ಒಂದೊಂದರ ಪಕ್ಕದಲ್ಲೂ ಅಡಿಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟು, ಗ್ರಾಂ ಕಾಣುವ ಹಾಗೆ ಮಗಳು ಫೋಟೋ ತೆಗೆದಳು. ಕಾಸಿನ ಸರದ ಕಾಸುಗಳ ಮೇಲಿರುವ ಲಕ್ಷ್ಮಿ ಸವೆದು ಮುಖವೇ ಕಾಣುತ್ತಿರಲಿಲ್ಲ. "ಇದು ಯಾರದ್ದಮ್ಮ?" ಅಂದಳು. ಅಜ್ಜಿಯ ಅತ್ತೆಯದ್ದು ಅಂದೆ. ಅದನ್ನು ಕೆನಡಾಕ್ಕೆ ತಗೊಂಡು ಹೋಗಲು ಯಾಕೆ ಸರ್ಕಾರಕ್ಕೆ ಹೇಳಬೇಕು ಅಂತ ಅವಳಿಗೆ ಅರ್ಥವಾಗಲಿಲ್ಲ. ಚಕ್ಕುಲಿ ಒರಳು, ವೆಟ್ ಗ್ರೈಂಡರ್, ಬೆಳ್ಳಿ ದೀಪಗಳು ಕೂಡ ಪಟ್ಟಿಗೆ ಸೇರಿದವು. ಪಟ್ಟಿ ಎರಡೆರಡು ಪ್ರತಿ ಮಾಡಿ ಫೈಲಿಗೆ ಹಾಕಿದೆ.

ಜೂನ್ ಕೊನೆಯಲ್ಲಿ ಶಾಲೆಗೆ ರಜೆ ಬಿದ್ದ ಮೇಲೆ ಹೊರಟೆವು. ಜುಲೈ 1 ಕೆನಡಾ ಡೇ. ಆ ಗದ್ದಲ ಶುರುವಾಗುವ ಮುಂಚೆ ಸೇತುವೆ ದಾಟಬೇಕು ಅಂತ ಇವರ ಹಟ. ಡೆಲಾವೇರ್ ವಾಟರ್ ಗ್ಯಾಪ್‌ನಲ್ಲಿ ಬೆಟ್ಟ ಸೀಳಿದ ನದಿ, ಅಲ್ಲಿಂದ ಪೊಕೊನೋ ಗುಡ್ಡಗಳು, ಸ್ಕ್ರ್ಯಾಂಟನ್, ಬಿಂಗ್‌ಹ್ಯಾಮ್ಟನ್, ಸಿರಕ್ಯೂಸ್. ಅಲ್ಲಿ ಪಶ್ಚಿಮಕ್ಕೆ ತಿರುಗಿದರೆ ಬಫಲೋವರೆಗೆ ನೇರ ಹೆದ್ದಾರಿ. ಈ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡಿದ್ದರಿಂದ ಊಟಕ್ಕೆ ತೊಂದರೆಯಾಗಲಿಲ್ಲ. ರಾತ್ರಿ ನಯಾಗರಾದ ಅಮೆರಿಕ ಬದಿಯಲ್ಲೇ ತಂಗಿದೆವು.

ಅಲ್ಲಿಂದ ಕೆನಡಾಕ್ಕೆ ಹೋಗಲು ಕೆಲವು ಸೇತುವೆಗಳಿವೆ. ಬಫಲೋದಲ್ಲಿ 1927ರ ಪೀಸ್ ಬ್ರಿಡ್ಜ್, ನದಿ ಹರಿಯುವ ದಿಕ್ಕಿನಲ್ಲಿ ಮುಂದೆ ಹೋದರೆ ಲೂಯಿಸ್ಟನ್ ಸೇತುವೆ, ನಡುವೆ ಜಲಪಾತದ ಪಕ್ಕದಲ್ಲೇ 1941ರಲ್ಲಿ ಶುರುವಾದ ರೇನ್‌ಬೋ ಬ್ರಿಡ್ಜ್. ರೇನ್‌ಬೋ ಮೇಲೆ ಸರಕು ಲಾರಿಗಳಿಗೆ ಪ್ರವೇಶವಿಲ್ಲ, ಕಾರುಗಳು ಮತ್ತು ನಡೆದು ಹೋಗುವವರೇ ಜಾಸ್ತಿ. ಮಗಳಿಗೆ ಜಲಪಾತ ನೋಡುತ್ತಾ ಹೋಗುವ ಆಸೆ, ಅದಕ್ಕೇ ಅದನ್ನು ಆರಿಸಿದೆವು. ಬೆಳಿಗ್ಗೆ ಬೇಗ ಹೋದದ್ದರಿಂದ ಸಾಲು ಚಿಕ್ಕದಿತ್ತು. ಕಾರು ನಿಧಾನಕ್ಕೆ ಮುಂದೆ ಸರಿಯುವಾಗ ಎಡಗಡೆ ಮೊದಲು ಅಮೆರಿಕದ ಜಲಪಾತ, ಅದರಾಚೆ ಕುದುರೆ ಲಾಳದ ಆಕಾರದ ದೊಡ್ಡದು. ನೀರಿನ ಹೊಗೆ ಎದ್ದು ಅದರ ತುದಿ ಕಾಣುತ್ತಿರಲಿಲ್ಲ. ಸೇತುವೆಯ ನಡುವೆ ಬಾವುಟಗಳು. ಅಲ್ಲಿಗೆ ಅಮೆರಿಕ ಮುಗಿಯಿತು. "ಈಗ ನಾವು ಎಲ್ಲಿದ್ದೀವಿ?" ಅಂತ ಮಗಳು ಎರಡೂ ಕಡೆಯ ಕಿಟಕಿ ಇಳಿಸಿ ನೋಡಿದಳು.

ಗೂಡಿನಲ್ಲಿದ್ದ ಅಧಿಕಾರಿಗೆ ಪಾಸ್‌ಪೋರ್ಟು, ಸಿಒಪಿಆರ್ ಕೊಟ್ಟು ಲ್ಯಾಂಡಿಂಗ್‌ಗೆ ಬಂದಿದ್ದೇವೆ ಅಂದೆವು. ಆತ ಒಂದು ಚೀಟಿ ಕೊಟ್ಟು, ಕಾರು ಪಕ್ಕಕ್ಕೆ ನಿಲ್ಲಿಸಿ ಒಳಗೆ ಹೋಗಿ ಅಂದ.

ಒಳಗೆ ಸಾಧಾರಣ ಸರ್ಕಾರಿ ಕಚೇರಿ. ಕೌಂಟರ್, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಸೂಚನೆ. ನಮಗಿಂತ ಮುಂಚೆ ಒಂದು ಪಂಜಾಬಿ ಸಂಸಾರ ಕೂತಿತ್ತು, ವರ್ಕ್ ಪರ್ಮಿಟ್ ಮಾಡಿಸಲು ಬಂದ ಒಬ್ಬ ಹುಡುಗ ಇದ್ದ. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಕರೆದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಮೆರಿಕಕ್ಕೆ ಬಂದಾಗಿನಿಂದ ನಾನು ಯಾವ ವಲಸೆ ಕಾಗದದಲ್ಲೂ ಮೊದಲ ಹೆಸರಾಗಿರಲಿಲ್ಲ. ಎಚ್-4ನವರಲ್ಲಿ ಕೆಲವರಿಗಾದರೂ ಕೆಲಸ ಮಾಡಲು ಅವಕಾಶ ಸಿಕ್ಕಿದ್ದು 2015ರಲ್ಲಿ. ಅದಕ್ಕೆ ಮುಂಚೆ ಎಂ.ಟೆಕ್. ಇಟ್ಟುಕೊಂಡು ಮನೆಯಲ್ಲೇ ಇದ್ದೆ. ಬ್ಯಾಂಕಿಗೆ ಹೋದರೂ, ಲೈಸೆನ್ಸ್‌ಗೆ ಹೋದರೂ ಗಂಡನ ಕಾಗದ ತೋರಿಸಬೇಕು. ಈ ಕೌಂಟರಿನಲ್ಲಿ ಅಧಿಕಾರಿ ನನ್ನನ್ನು ಕರೆದು, "ಪ್ರಿನ್ಸಿಪಲ್ ಅಪ್ಲಿಕೆಂಟ್ ನೀವೇನಾ? ಇವರು ನಿಮ್ಮ ಜೊತೆ ಬಂದವರಾ?" ಅಂತ ನಮ್ಮನೆಯವರ ಕಡೆ ಕೈ ತೋರಿಸಿದ. ಹೌದು ಅಂದೆ. ಗಂಟಲು ಕಟ್ಟಿತು. ಇವರು ನನ್ನ ಭುಜ ಮುಟ್ಟಿ ಒಂದು ಹೆಜ್ಜೆ ಹಿಂದೆ ನಿಂತರು.

ಕೇಳಿದ ಪ್ರಶ್ನೆಗಳು ಕಷ್ಟದವಲ್ಲ. ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದೆಯಾ? ಕೆನಡಾ ಅಥವಾ ಬೇರೆ ದೇಶ ಒಳಗೆ ಬಿಡದೆ ವಾಪಸ್ ಕಳಿಸಿದೆಯಾ? ಪಟ್ಟಿಯಲ್ಲಿಲ್ಲದ ಮಕ್ಕಳು ಇದ್ದಾರಾ? ಹಣ ಎಷ್ಟಿದೆ? ನಗದು 10 ಸಾವಿರ ಡಾಲರಿಗಿಂತ ಜಾಸ್ತಿ ತಂದಿದ್ದರೆ ಹೇಳಲೇಬೇಕು, ತರುವುದಕ್ಕೆ ಅಡ್ಡಿಯಿಲ್ಲ. ನಾವು ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ತೋರಿಸಿದೆವು. ಎತ್ತರ, ಕಣ್ಣಿನ ಬಣ್ಣ ಸರಿಯಿದೆಯಾ ಅಂತ ನೋಡಿಕೊಳ್ಳಲು ಹೇಳಿದ. ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ನಿನಿಂದ ಗುರುತು ಮಾಡಿ ಕೊಟ್ಟ. ಮಗಳ ಪರವಾಗಿ ನಾನು ಸಹಿ ಹಾಕಿದೆ.

"ಇಲ್ಲೇ ಇರ್ತೀರಾ?" ಅಂತ ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ. ಈಗ ವಾಪಸ್ ಹೋಗುತ್ತೇವೆ, ಮಗಳ ಒಂದು ವರ್ಷದ ಓದು ಮುಗಿಸಿ ಬರುತ್ತೇವೆ. ಆತನಿಗೆ ಅದು ಹೊಸದಲ್ಲ. ಪಿ.ಆರ್. ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರಬೇಕು ಅನ್ನುವುದು ನೆನಪಿರಲಿ ಅಂದ. ಲ್ಯಾಂಡಿಂಗ್‌ಗೆ ಹೋಗುವ ಎಲ್ಲರಿಗೂ ನಾನು ಹೇಳುವುದು ಇಷ್ಟೇ: ಸುಳ್ಳು ಹೇಳಬೇಡಿ. ವಾಪಸ್ ಹೋಗುತ್ತೇವೆ ಅಂದರೆ ಯಾರೂ ಕಾಗದ ಕಿತ್ತುಕೊಳ್ಳುವುದಿಲ್ಲ.

ಪಿ.ಆರ್. ಕಾರ್ಡ್ ಕಳಿಸಲು ಕೆನಡಾದ ವಿಳಾಸ ಬೇಕು, ಹೊರದೇಶಕ್ಕೆ ಅವರು ಕಳಿಸುವುದಿಲ್ಲ. ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿರುವ ದೊಡ್ಡಮ್ಮನ ಮಗಳ ಮನೆ ವಿಳಾಸ ಕೊಟ್ಟೆವು. ವಿಳಾಸ ಕೊಡಲು 180 ದಿನ ಸಮಯವಿದೆ, ಅದು ಮೀರಿದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ಪಕ್ಕದ ಕಸ್ಟಮ್ಸ್ ಕೌಂಟರಿನಲ್ಲಿ ಪಟ್ಟಿ ಕೊಟ್ಟೆ. ಅಲ್ಲಿದ್ದ ಹೆಂಗಸು ಫೋಟೋಗಳನ್ನು ಒಂದೊಂದಾಗಿ ತಿರುವಿ, ಕಾಸಿನ ಸರ ಬಂದಾಗ ನಿಂತು, ತುಂಬಾ ಹಳೆಯದಾ ಅಂತ ಕೇಳಿದಳು. ಹೌದು, ನಾಲ್ಕು ತಲೆಮಾರಿನದು ಅಂದೆ. ಚೆನ್ನಾಗಿ ಕಾಪಾಡಿಕೊಳ್ಳಿ ಅಂತ ಹೇಳಿ ಮುದ್ರೆ ಒತ್ತಿ ಒಂದು ಪ್ರತಿ ವಾಪಸ್ ಕೊಟ್ಟಳು. ಆ ಪ್ರತಿಯನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಬೇಕು, ಸಾಮಾನು ತರುವ ದಿನ ಅದನ್ನೇ ತೋರಿಸುವುದು.

ಅಲ್ಲಿಂದ ಕ್ವೀನ್ ಎಲಿಜಬೆತ್ ವೇ ಹಿಡಿದರೆ ಮಿಸ್ಸಿಸಾಗಾ. ಫಲಕಗಳೆಲ್ಲ ಕಿಲೋಮೀಟರಿನಲ್ಲಿ, ಪೆಟ್ರೋಲು ಲೀಟರಿನಲ್ಲಿ. ನನಗೆ ಊರಿನ ಲೆಕ್ಕ ವಾಪಸ್ ಬಂದ ಹಾಗಾಯಿತು. ಈ ದಾರಿ ನಿಜಕ್ಕೂ ಚೆಂದ. ಒಂದು ಕಡೆ ಒಂಟಾರಿಯೋ ಸರೋವರ, ಇನ್ನೊಂದು ಕಡೆ ಉದ್ದನೆಯ ದಿಬ್ಬ, ನಡುವೆ ದ್ರಾಕ್ಷಿ ಮತ್ತು ಹಣ್ಣಿನ ತೋಟಗಳು. ಸೇಂಟ್ ಕ್ಯಾಥರೀನ್ಸ್ ಹತ್ತಿರ ಎತ್ತರದ ಸೇತುವೆಯ ಕೆಳಗೆ ವೆಲ್ಯಾಂಡ್ ಕಾಲುವೆ. ನಯಾಗರಾ ದಾಟಲಾಗದ ಹಡಗುಗಳನ್ನು 8 ಲಾಕ್‌ಗಳ, ಅಂದರೆ ನೀರು ತುಂಬಿಸಿ ಹಡಗು ಏರಿಸುವ ತೊಟ್ಟಿಗಳ, ಮೂಲಕ ಮೇಲಿನ ಸರೋವರಕ್ಕೆ ಹತ್ತಿಸುತ್ತಾರೆ. ದಾರಿ ಬದಿಯ ಅಂಗಡಿಯಲ್ಲಿ ಚೆರ್ರಿ ಕೊಂಡು ತಿಂದೆವು. ಹ್ಯಾಮಿಲ್ಟನ್‌ನ ಉಕ್ಕಿನ ಕಾರ್ಖಾನೆಗಳು ಕಂಡಾಗ ಇವರಿಗೆ ಭದ್ರಾವತಿ ನೆನಪಾಯಿತು.

ಅಕ್ಕನ ಮನೆ ತಲುಪಿದ ಕೂಡಲೇ "ಬಾರೇ, ಮೊದಲು ಊಟ, ಆಮೇಲೆ ನಿನ್ನ ಫೈಲು" ಅಂದಳು. ಬಸ್ಸಾರು, ಮುದ್ದೆ ಮಾಡಿದ್ದಳು. ಮರುದಿನ ಭಾವನ ಜೊತೆ ಸರ್ವಿಸ್ ಕೆನಡಾ ಕಚೇರಿಗೆ ಹೋಗಿ ಮೂವರಿಗೂ ಸಿನ್ ನಂಬರ್ ಮಾಡಿಸಿದೆವು. ಕೆಲಸಕ್ಕೆ, ತೆರಿಗೆಗೆ ಬೇಕಾಗುವ 9 ಅಂಕಿಯ ಸಂಖ್ಯೆ ಅದು. ಕಾರ್ಡ್ ಕೊಡುವುದಿಲ್ಲ, ಕಾಗದದಲ್ಲಿ ಬರೆದು ಕೊಡುತ್ತಾರೆ, ಶುಲ್ಕವಿಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆದೆವು. ಸರ್ಕಾರಿ ಆರೋಗ್ಯ ವಿಮೆಯ ಹೆಲ್ತ್ ಕಾರ್ಡಿಗೆ ಮಾತ್ರ ಅರ್ಜಿ ಹಾಕಲಿಲ್ಲ. ಭಾವ "ಬಂದಿದ್ದೀರಲ್ಲ, ಅದನ್ನೂ ಮುಗಿಸಿಬಿಡಿ" ಅಂದರು. ಆದರೆ ಒಂಟಾರಿಯೋದಲ್ಲಿ ಅದಕ್ಕೆ 12 ತಿಂಗಳಲ್ಲಿ 153 ದಿನ ಅಲ್ಲೇ ಇರಬೇಕು. ಇರದವರು ಅದನ್ನು ತಗೊಳ್ಳುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿ ತೆರಿಗೆ ಕಟ್ಟುವವರ ದುಡ್ಡು ಅದು.

ಟೊರಾಂಟೊ ಸುತ್ತಿದೆವು, ರಿಚ್ಮಂಡ್ ಹಿಲ್‌ನ ಗಣೇಶನ ಗುಡಿಯಲ್ಲಿ ಅರ್ಚನೆ ಮಾಡಿಸಿದೆವು. ನನಗೆ ಮುಖ್ಯವಾಗಿದ್ದು ಅಕ್ಕನ ಮನೆ ಹತ್ತಿರದ ಹೈಸ್ಕೂಲು. ರಜೆಯಾದ್ದರಿಂದ ಬಾಗಿಲು ಹಾಕಿತ್ತು. ಹೊರಗಿನ ಅಂಕಣದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಹುಡುಗಿಯರನ್ನು ಮಗಳು ಬೇಲಿಯಾಚೆಯಿಂದ ತುಂಬಾ ಹೊತ್ತು ನೋಡಿದಳು. ಅವರಲ್ಲೊಬ್ಬಳು ಬಾ ಅಂತ ಕರೆದಳು. ಇವಳು ಹೋಗಿ ಆಡಿದಳು. ನಾನು ಕಾರಿನಲ್ಲಿ ಕೂತು ಕಾದೆ.

ವಾಪಸ್ ಬರುವಾಗ ನಯಾಗರಾದಲ್ಲಿ ದೋಣಿ ಹತ್ತಿದೆವು. ಕೆನಡಾ ಬದಿಯ ದೋಣಿಯವರು ಕೆಂಪು ರೈನ್‌ಕೋಟ್ ಕೊಡುತ್ತಾರೆ, ಅಮೆರಿಕ ಬದಿಯವರು ನೀಲಿ. ಕುದುರೆ ಲಾಳದ ಬುಡದಲ್ಲಿ ಎರಡೂ ಬಣ್ಣದವರು ಒಂದೇ ತರ ನೆನೆಯುತ್ತಾರೆ.

ಅಮೆರಿಕದ ಕಡೆ ನನಗೆ ಹೆಚ್ಚು ಆತಂಕವಿತ್ತು. ನಮ್ಮ ಪಾಸ್‌ಪೋರ್ಟಿನ ಎಚ್ ವೀಸಾ ಮುದ್ರೆಗಳ ಅವಧಿ ಮುಗಿದಿತ್ತು. ಆದರೆ ಅವಧಿಯಿರುವ ಐ-94 (ಅಮೆರಿಕದಲ್ಲಿ ಯಾವಾಗಿನವರೆಗೆ ಇರಬಹುದು ಅನ್ನುವ ದಾಖಲೆ) ಇದ್ದು, ಕೆನಡಾಕ್ಕೆ ಮಾತ್ರ ಹೋಗಿ 30 ದಿನದೊಳಗೆ ಬಂದರೆ, ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕದಿದ್ದರೆ, ಹಳೆಯ ಮುದ್ರೆಯಲ್ಲೇ ಒಳಗೆ ಬರಬಹುದು. ಆಟೊಮ್ಯಾಟಿಕ್ ರಿವ್ಯಾಲಿಡೇಶನ್ ಅನ್ನುವ ನಿಯಮ ಇದು. ಐ-94, ಅರ್ಜಿ ಮಂಜೂರಾದ ಪತ್ರ ಐ-797, ಸಂಬಳದ ಚೀಟಿ ಎಲ್ಲ ಮುದ್ರಿಸಿ ಇಟ್ಟಿದ್ದೆವು. ಅಧಿಕಾರಿ ಕಾಗದ ನೋಡಿ, ಯಾಕೆ ಹೋಗಿದ್ದಿರಿ ಅಂತ ಕೇಳಿದ. ಪಿ.ಆರ್. ಲ್ಯಾಂಡಿಂಗ್ ಅಂತ ಇವರು ಹೇಳಿದರು. ಆತ ತಲೆಯಾಡಿಸಿ ಪಾಸ್‌ಪೋರ್ಟು ವಾಪಸ್ ಕೊಟ್ಟ. ಎಚ್-1ಬಿಯವರು ಬೇರೆ ಕಡೆ ಕಾಯಂ ನಿವಾಸಿಯಾಗುವುದಕ್ಕೆ ಅಡ್ಡಿಯಿಲ್ಲ.

ಪಿ.ಆರ್. ಕಾರ್ಡುಗಳು ಅಕ್ಕನ ಮನೆಗೆ ಬಂದವು, ದೀಪಾವಳಿಗೆ ಬಂದಾಗ ಅವಳೇ ತಂದುಕೊಟ್ಟಳು. ಕಾರ್ಡ್ ಇಲ್ಲದಿದ್ದರೂ ಅಮೆರಿಕದಿಂದ ಸ್ವಂತ ಕಾರಿನಲ್ಲಿ ಒಳಗೆ ಹೋಗಬಹುದು, ಆದರೆ ವಿಮಾನ ಹತ್ತಲು ಅದು, ಇಲ್ಲವೇ ಅದರ ಬದಲಿನ ಪ್ರಯಾಣ ಪತ್ರ ಬೇಕೇ ಬೇಕು. ಈಗ ನಮ್ಮ ಮುಂದಿರುವುದು 730 ದಿನಗಳ ಲೆಕ್ಕ. ಮೂರು ವರ್ಷದವರೆಗೆ ತಳ್ಳಬಹುದು ಅಂತ ಪರಿಚಯದವರು ಹೇಳುತ್ತಾರೆ. ಲೆಕ್ಕಕ್ಕೆ ಅದು ಸರಿ. ಆದರೆ ನಾನು ಕಾಯುವುದಿಲ್ಲ. ಒಂಬತ್ತನೇ ತರಗತಿ ಮುಗಿಯುತ್ತಿದ್ದ ಹಾಗೆ ಮಗಳನ್ನು ಕರೆದುಕೊಂಡು ಮಿಸ್ಸಿಸಾಗಾಕ್ಕೆ ಹೋಗುತ್ತೇನೆ. ಇವರು ಕೆಲಸ ಸಿಕ್ಕ ಮೇಲೆ ಬರುತ್ತಾರೆ. ನಾನು ಈಗಾಗಲೇ ಅಲ್ಲಿನ ಕಂಪನಿಗಳಿಗೆ ಅರ್ಜಿ ಹಾಕಲು ಶುರು ಮಾಡಿದ್ದೇನೆ.